ಬೆಲೆ ಬೇರೆ, ವೆಚ್ಚ ಬೇರೆ: ಹಳೆಯ ಯುರೋಪಿಯನ್ ಕಾರು ಕೊಳ್ಳುವ ಮುನ್ನ



ಸವಕಳಿ, ಅವಕಾಶ ವೆಚ್ಚ, ಮುಳುಗಿದ ವೆಚ್ಚ ಎಂಬ ಪದಗಳು ಪರೀಕ್ಷೆಗೆ ಮಾತ್ರ ಎಂದು ವಾಣಿಜ್ಯ ವಿಭಾಗದ ನಮಗೆ ಅನಿಸುವುದುಂಟು. ವ್ಯಾಖ್ಯೆ ಬರೆದು ಎರಡು ಅಂಕ ಪಡೆದರೆ ಮುಗಿಯಿತು. ಆದರೆ ಇದೇ ಪದಗಳು ಒಂದು ಮನೆಯ ಹಲವು ವರ್ಷಗಳ ಉಳಿತಾಯವನ್ನು ಕಾಯಬಲ್ಲವು. ಈ ವರ್ಷ ನಮ್ಮ ಮನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿವರಿಸುತ್ತೇನೆ.

ಪ್ರಶ್ನೆ ಏನು?

ಅಬ್ಬಾ ಅವರದು ಸಣ್ಣ ಬಟ್ಟೆ ಅಂಗಡಿ. ದಾದಿಯನ್ನು ಪ್ರತಿ ತಿಂಗಳು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ಆಗುವುದಿಲ್ಲ. ಆದ್ದರಿಂದ ಕಾರಿಗೆಂದು ಅಬ್ಬಾ 4,00,000 ರೂಪಾಯಿ ಕೂಡಿಟ್ಟಿದ್ದರು. ನಮ್ಮ ಮನೆಯಲ್ಲಿ ಬಡ್ಡಿ ಸಾಲ ಮಾಡುವುದಿಲ್ಲ. ಹಾಗಾಗಿ ಇರುವ ಹಣವೇ ಮಿತಿ.

ಭಾಯಿಜಾನ್ ಒಂದು ಕಾರು ನೋಡಿಕೊಂಡು ಬಂದರು. ಯುರೋಪಿನ ಕಂಪನಿಯ ಡೀಸೆಲ್ ಸೆಡಾನ್, 2012ರ ಮಾದರಿ, 1,20,000 ಕಿ.ಮೀ. ಓಡಿದೆ. ಹೊಸದಾಗಿದ್ದಾಗ ಸುಮಾರು 15 ಲಕ್ಷ, ಈಗ 3,25,000. ಅಗಲವಾದ ಹಿಂದಿನ ಸೀಟು, ಗಟ್ಟಿ ಬಾಡಿ, ಹೆದ್ದಾರಿಯಲ್ಲಿ ಅಲುಗದ ಓಟ. ದಾದಿಗೆ ಇದಕ್ಕಿಂತ ಆರಾಮದ ಕಾರು ಬೇಡ ಎಂಬುದು ಅವರ ವಾದ. ವಾದ ಸುಳ್ಳಲ್ಲ. ಅಬ್ಬಾ ನನ್ನ ಕಡೆ ನೋಡಿ, "ಕಾಮರ್ಸ್ ಓದ್ತಾ ಇದ್ದೀಯಲ್ಲ ಬೇಟಾ, ಲೆಕ್ಕ ಹಾಕಿ ಹೇಳು" ಎಂದರು.

ಅಷ್ಟು ಅಗ್ಗ ಏಕೆ?

ಮೊದಲ ಕಾರಣ ಸವಕಳಿ. ವ್ಯಾಪಾರಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆ ನಿಯಮದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ 15ರಷ್ಟು ಸವಕಳಿ, ಅದೂ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ. 15 ಲಕ್ಷಕ್ಕೆ ಹೀಗೆ 13 ವರ್ಷ ಲೆಕ್ಕ ಹಾಕಿದರೆ ಉಳಿಯುವುದು ಸುಮಾರು 1,81,000. ಮಾರುವವರು ಕೇಳಿದ್ದು 3,25,000. ಪುಸ್ತಕದ ಮೌಲ್ಯ ಮತ್ತು ಮಾರುಕಟ್ಟೆ ಬೆಲೆ ಒಂದೇ ಅಲ್ಲ ಎಂಬ ಪಾಠಕ್ಕೆ ಇದೇ ಉದಾಹರಣೆ.

ಎರಡನೆಯ ಕಾರಣ ಬೇಡಿಕೆ. ರಿಪೇರಿಯ ಭಯದಿಂದ ಇಂಥ ಕಾರುಗಳಿಗೆ ಗಿರಾಕಿಗಳು ಕಡಿಮೆ. ಮೂರನೆಯದು ನೋಂದಣಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ನಮ್ಮ ರಾಜ್ಯದಲ್ಲಿ ಇದರ ಜೊತೆ ಹಸಿರು ತೆರಿಗೆಯೂ ಉಂಟು. ಭಾಯಿಜಾನ್ ನೋಡಿದ ಕಾರಿಗೆ ಉಳಿದಿದ್ದು ಎರಡೇ ವರ್ಷ.

ಸವಕಳಿ ಕಾರಿಗೆ, ಬಿಡಿಭಾಗಕ್ಕಲ್ಲ

ನನ್ನ ಲೇಖನದ ಮುಖ್ಯ ವಿಷಯ ಇದು. 15 ಲಕ್ಷದ ಕಾರು 3 ಲಕ್ಷಕ್ಕೆ ಇಳಿಯಬಹುದು, ಆದರೆ ಅದರ ಬಿಡಿಭಾಗ 15 ಲಕ್ಷದ ಕಾರಿನ ಬಿಡಿಭಾಗವಾಗಿಯೇ ಇರುತ್ತದೆ. ಕೊಳ್ಳುವಾಗ ನಾವು ಕೊಡುವುದು ಹಳೆಯ ಕಾರಿನ ಬೆಲೆ. ರಿಪೇರಿಗೆ ಕೊಡುವುದು ದುಬಾರಿ ಕಾರಿನ ದರ.

ಎರಡು ಉದಾಹರಣೆ ನೋಡಿ. ಈ ಕಾರಿನ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವುದು ಅದೇ. ಅದು ಓಡುವಾಗ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಆದ್ದರಿಂದ ಕಂಪನಿ ಹೇಳಿದ ಅವಧಿಗೆ ಬದಲಿಸಲೇಬೇಕು. ಇನ್ನೊಂದು ಡ್ಯುಯಲ್ ಮಾಸ್ ಫ್ಲೈವೀಲ್. ಡೀಸೆಲ್ ಎಂಜಿನ್ನಿನ ನಡುಕ ಗೇರ್ ಬಾಕ್ಸಿಗೆ ತಲುಪದಂತೆ ಎರಡು ತಟ್ಟೆಗಳ ನಡುವೆ ಸ್ಪ್ರಿಂಗ್ ಇಟ್ಟು ಮಾಡಿರುತ್ತಾರೆ. ಓಟ ಹಿತವಾಗಿರಲು ಅದೂ ಒಂದು ಕಾರಣ. ಆದರೆ ಸವೆದರೆ ಕ್ಲಚ್ ಜೊತೆ ಅದನ್ನೂ ಬದಲಿಸಬೇಕಾಗುತ್ತದೆ. ಭಾಯಿಜಾನ್ ಮೆಚ್ಚಿದ ಆರಾಮ ಮತ್ತು ಅಬ್ಬಾ ಹೆದರಿದ ಖರ್ಚು, ಎರಡೂ ಒಂದೇ ಜಾಗದಿಂದ ಬರುತ್ತವೆ.

ಲೆಕ್ಕ

ಬೆಂಗಳೂರಿನಲ್ಲಿ ಗ್ಯಾರೇಜ್ ಕೆಲಸ ಮಾಡುವ ಮಾಮು ಕಾರು ಪರೀಕ್ಷಿಸಿದರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗದ ದರ ವಿಚಾರಿಸಿ ಹೇಳಿದರು. ಅದರಂತೆ ನಾನು ಬರೆದ ಲೆಕ್ಕ ಇದು:

ಕಾರಿನ ಬೆಲೆ: 3,25,000
ವರ್ಗಾವಣೆ ಮತ್ತು ವಿಮೆ: 18,000
ಟೈಮಿಂಗ್ ಬೆಲ್ಟ್, ವಾಟರ್ ಪಂಪ್: 22,000
ನಾಲ್ಕು ಟೈರ್: 28,000
ಈಗಲೇ ಬೇಕಾದ ಒಟ್ಟು ಹಣ: 3,93,000

ಒಂದು ವರ್ಷದೊಳಗೆ ಬರಬಹುದಾದ ಖರ್ಚು:
ಕ್ಲಚ್ ಮತ್ತು ಫ್ಲೈವೀಲ್: 65,000
ಸಸ್ಪೆನ್ಷನ್ ಕೆಲಸ: 20,000
ಎಲ್ಲ ಸೇರಿ: 4,78,000

ಹೋಲಿಕೆಗೆ, ಸುಲಭವಾಗಿ ಬಿಡಿಭಾಗ ಸಿಗುವ, 8 ವರ್ಷ ಹಳೆಯ ಪೆಟ್ರೋಲ್ ಸಣ್ಣ ಕಾರು ತೆಗೆದುಕೊಂಡೆ. ಬೆಲೆ 3,40,000. ವರ್ಗಾವಣೆ, ವಿಮೆ, ಟೈರ್, ಸರ್ವಿಸ್ ಸೇರಿ 40,000. ಕ್ಲಚ್, ಸಸ್ಪೆನ್ಷನ್ ಎರಡೂ ಬಂದರೂ 17,000. ಒಟ್ಟು 3,97,000. ಬೆಲೆಯಲ್ಲಿ ಸೆಡಾನ್ 15,000 ಅಗ್ಗ. ವೆಚ್ಚದಲ್ಲಿ 81,000 ದುಬಾರಿ.

ಡೀಸೆಲ್ ಉಳಿತಾಯವಾಗುವುದಿಲ್ಲವೇ ಎಂದು ಭಾಯಿಜಾನ್ ಕೇಳಿದರು. ನಮ್ಮ ಓಡಾಟ ವರ್ಷಕ್ಕೆ 6,000 ಕಿ.ಮೀ. ಮಾತ್ರ. ಡೀಸೆಲ್ ಲೀಟರಿಗೆ 90, ಪೆಟ್ರೋಲ್ 103 ಎಂದು ಹಿಡಿಯಿರಿ. ಭಾರದ ಸೆಡಾನ್ ಲೀಟರಿಗೆ 16 ಕಿ.ಮೀ., ಸಣ್ಣ ಕಾರು 18 ಕಿ.ಮೀ. ಕೊಟ್ಟರೆ, ಮೊದಲನೆಯದಕ್ಕೆ ಸುಮಾರು 33,750, ಎರಡನೆಯದಕ್ಕೆ ಸುಮಾರು 34,300. ವ್ಯತ್ಯಾಸ ವರ್ಷಕ್ಕೆ ಆರುನೂರು ರೂಪಾಯಿಯೂ ಇಲ್ಲ.

ಅವಕಾಶ ವೆಚ್ಚ

ಒಂದನ್ನು ಆರಿಸಿದಾಗ ಬಿಟ್ಟುಕೊಡುವ ಅತ್ಯುತ್ತಮ ಪರ್ಯಾಯವೇ ಅವಕಾಶ ವೆಚ್ಚ. ಸೆಡಾನ್ ತೆಗೆದುಕೊಂಡರೆ ಮಿಕ್ಕುವುದು 7,000. ಕ್ಲಚ್ ಹೋದ ದಿನ ಹಣ ಬರಬೇಕಾದದ್ದು ಅಂಗಡಿಯ ಬಂಡವಾಳದಿಂದ ಅಥವಾ ನನ್ನ ಬಿ.ಕಾಂ. ಶುಲ್ಕದಿಂದ. ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನ ದಾದಿಗೆ ಮತ್ತೆ ಬಾಡಿಗೆ ಕಾರು.

ಕಾರು ಕೊಳ್ಳದೇ ಇರುವುದೂ ಒಂದು ಆಯ್ಕೆ ಎಂಬುದನ್ನು ಮರೆಯಬಾರದು. ಆಸ್ಪತ್ರೆಗೆ ಒಮ್ಮೆ ಹೋಗಿ ಬರಲು ಬಾಡಿಗೆ 4,500, ವರ್ಷಕ್ಕೆ 54,000. ನಾಲ್ಕು ಲಕ್ಷದಲ್ಲಿ ಏಳು ವರ್ಷ ಹೋಗಿ ಬರಬಹುದು! ಆದರೆ ಅಂಗಡಿಯ ಮಾಲು ತರಲು ಮತ್ತು ರಾತ್ರಿ ಹೊತ್ತಿನ ತುರ್ತಿಗೆ ಸ್ವಂತ ಕಾರು ಬೇಕು ಎಂದು ಅಮ್ಮಿ ಹೇಳಿದ್ದು ಸರಿಯಾಗಿತ್ತು. ಎಲ್ಲವೂ ಹಣದಲ್ಲಿ ಅಳೆಯುವಂಥದ್ದಲ್ಲ.

ಮುಳುಗಿದ ವೆಚ್ಚ

ಭಾಯಿಜಾನ್ ಆಗಲೇ 10,000 ರೂಪಾಯಿ ಮುಂಗಡ ಕೊಟ್ಟಿದ್ದರು. "ಈಗ ಬೇಡ ಅಂದರೆ ಅದು ಹೋಗುತ್ತಲ್ಲ?" ಎಂಬುದು ಅವರ ಕೊನೆಯ ವಾದ. ಕೊಟ್ಟಾದ, ಮರಳಿ ಬಾರದ ಹಣವನ್ನು ಮುಂದಿನ ನಿರ್ಧಾರದಲ್ಲಿ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಪಾಠ. ಕೊಂಡರೂ ಆ 10,000 ಕೈಬಿಟ್ಟಿದೆ, ಕೊಳ್ಳದಿದ್ದರೂ ಬಿಟ್ಟಿದೆ. ಅದನ್ನು ಉಳಿಸಲು ಅದಕ್ಕಿಂತ ಎಷ್ಟೋ ಹೆಚ್ಚು ಖರ್ಚು ಮಾಡುವುದು ಲೆಕ್ಕವಲ್ಲ.

ಮಾರುವವರು ಪ್ರಾಮಾಣಿಕರು ಎಂಬುದನ್ನೂ ಹೇಳಬೇಕು. ಎಲ್ಲ ಸರ್ವಿಸ್ ಬಿಲ್ ತೋರಿಸಿದರು, ಬೆಲ್ಟ್ ಬದಲಿಸಿಲ್ಲ ಎಂದು ತಾವಾಗಿಯೇ ಹೇಳಿದರು, ಮುಂಗಡದಲ್ಲಿ ಅರ್ಧ ಮರಳಿಸಿದರು. ಮೋಸವಿಲ್ಲದ ವ್ಯಾಪಾರವೂ ನಮ್ಮ ಶಕ್ತಿಗೆ ಮೀರಿದ್ದಾಗಿರಬಹುದು. ನಾವು ಸಣ್ಣ ಕಾರು ತೆಗೆದುಕೊಂಡೆವು, ದಾದಿ ಒಮ್ಮೆ ಕೂತು ನೋಡಿ ಒಪ್ಪಿದ ಮೇಲೆ.

ಹಾಗಾದರೆ ಯಾರು ಕೊಳ್ಳಬಹುದು?

ಹಳೆಯ ಯುರೋಪಿಯನ್ ಕಾರು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬೆಲೆಯ ಮೂರನೇ ಒಂದು ಭಾಗದಷ್ಟು ಹಣ ರಿಪೇರಿಗೆಂದೇ ಪಕ್ಕದಲ್ಲಿ ಇಡಬಲ್ಲವರು, ಮನೆಯಲ್ಲಿ ಇನ್ನೊಂದು ವಾಹನ ಇರುವವರು, ಆ ಕಾರು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿರುವವರು ಸಂತೋಷವಾಗಿ ಕೊಳ್ಳಲಿ. ಅಂಥವರು ಇವುಗಳನ್ನು ನೋಡಿಕೊಳ್ಳಬೇಕು:

1. ಬಿಡಿಭಾಗ ಬೇರೆ ಕಾರಿಗೂ ಹೊಂದುತ್ತದೆಯೇ? ಫಿಯಟ್ ತನ್ನ ಕಾರುಗಳ ಮಾರಾಟವನ್ನು ಭಾರತದಲ್ಲಿ ನಿಲ್ಲಿಸಿದೆ. ಆದರೆ ಅದರ 1.3 ಲೀಟರ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲೂ ಇತ್ತು. ಸ್ಕೋಡಾ ರಾಪಿಡ್ ಮತ್ತು ಫೋಕ್ಸ್‌ವ್ಯಾಗನ್ ವೆಂಟೊ ಅಣ್ಣತಮ್ಮಂದಿರಂತೆ.
2. ಓಡಿದ ಕಿ.ಮೀ. ಮತ್ತು ಸರ್ವಿಸ್ ಬಿಲ್ಲುಗಳು ತಾಳೆಯಾಗುತ್ತವೆಯೇ?
3. ಚಾಸಿ ಮತ್ತು ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುವಂತೆಯೇ ಇವೆಯೇ? ಹಳೆಯ ಸಾಲ ತೀರಿದೆಯೇ?
4. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ, ಸದ್ದು ಗಮನಿಸಿ.
5. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದದ್ದರಿಂದ ಅಲ್ಲಿನ ಕಾರುಗಳು ಅಗ್ಗವಾಗಿ ಇಲ್ಲಿಗೆ ಬರುತ್ತವೆ. ಕರ್ನಾಟಕದಲ್ಲಿ ಮರುನೋಂದಣಿ ಮತ್ತು ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ.
6. ನಮೂನೆ 29 ಮತ್ತು 30 ಸಲ್ಲಿಸಿ ಆರ್‌ಸಿ ಹೆಸರು ಬದಲಿಸಿ. ವಿಮೆ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಸಿಗುವುದಿಲ್ಲ.

ಕಾರಷ್ಟೇ ಅಲ್ಲ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಬೈಕ್, ಮನೆಯ ಫ್ರಿಜ್ ಯಾವುದೇ ಇರಲಿ, ಇದೇ ಲೆಕ್ಕ ಅನ್ವಯಿಸುತ್ತದೆ. ಕೊಳ್ಳಲು ಎಷ್ಟು ಎಂದು ಕೇಳಿದ ಮೇಲೆ, ಇಟ್ಟುಕೊಳ್ಳಲು ಎಷ್ಟು ಎಂದೂ ಕೇಳಿ. ಎರಡನೆಯ ಉತ್ತರವನ್ನು ಕಾಗದದ ಮೇಲೆ ಬರೆದು ಮನೆಯವರೆಲ್ಲ ನೋಡಿದ ಮೇಲೆಯೇ ಮುಂಗಡ ಕೊಡಿ.