ದಾರವಿಲ್ಲದ ಹೆಡ್‌ಫೋನ್: ಕೂಡಿಸಲು ಕಲಿತರೆ ಸಾಲದು, ಬಿಡಿಸಲೂ ಬರಬೇಕು

ಕಳೆದ ಆಗಸ್ಟ್ ತಿಂಗಳು. ನಮ್ಮ ಹುಣಸೂರು, ಪಿರಿಯಾಪಟ್ಟಣ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಹಗಲೂ ರಾತ್ರಿ ಉರಿಯುವ ಕಾಲ. ನಮ್ಮ ಬ್ಯಾರನ್ನಿನಲ್ಲಿ ಲೋಡ್ ಮಾಡಿದ ಸೊಪ್ಪಿಗೆ ಐದನೇ ದಿನ. ಎಲೆ ಒಣಗಿ, ನಡುದಂಟು ಒಣಗುವ ಹಂತ. ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರದ ಕಾವು. ಆ ಹೊತ್ತಿನಲ್ಲಿ ಒಂದೇ ಒಂದು ಕಡ್ಡಿ ಸೊಪ್ಪು ಜಾರಿ ಕಾದ ಕೊಳವೆ ಮೇಲೆ ಬಿದ್ದರೂ ಗತಿ ಏನಾಗುತ್ತದೆಂದು ಬೆಳೆದವರಿಗೆ ಹೇಳಬೇಕಿಲ್ಲ.

ಎರಡು ರಾತ್ರಿ ನಿದ್ದೆಗೆಟ್ಟಿದ್ದ ನನ್ನನ್ನು ಮನೆಗೆ ಕಳಿಸಿ ನಮ್ಮಾಕೆ ಬ್ಯಾರನ್ ಹತ್ತಿರ ಕೂತಿದ್ದಳು. ರಾತ್ರಿ ಎರಡರ ಸುಮಾರಿಗೆ ಮೊಬೈಲ್ ಬಡಿದುಕೊಂಡಿತು. ಎತ್ತಿದೆ. "ಹಲೋ, ಹಲೋ" ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಸಿಗ್ನಲ್ ಇಲ್ಲ ಅಂದುಕೊಂಡು ಇಟ್ಟೆ. ಮತ್ತೆ ಬಂತು, ಮತ್ತೆ ಹಾಗೇ. ಮೂರನೇ ಸಲ ಎದ್ದು ಚಪ್ಪಲಿ ಮೆಟ್ಟಿ ಓಡಿದೆ.

ಹೋಗಿ ನೋಡಿದರೆ, ಬಿದ್ದ ಸೊಪ್ಪು ಕೊಳವೆ ಮೇಲೆ ಕಮಟು ಹೊಗೆ ಎಬ್ಬಿಸುತ್ತಿತ್ತು. "ಬಾಗಿಲು ತೆಗೀಲೋ ಬ್ಯಾಡ್ವೋ ಅಂತ ಕೇಳಾಕೆ ಮಾಡುದ್ರೆ ನೀವು ಬರೀ ಹಲೋ ಹಲೋ ಅಂತೀರಲ್ಲ!" ಅಂತ ನನ್ನ ಮೇಲೆ ಹರಿಹಾಯ್ದಳು. ಆಕೆಯೇ ಧೈರ್ಯ ಮಾಡಿ ಒಲೆಯ ಬೆಂಕಿ ಹೊರಗೆಳೆದು, ಗಾಳಿಕಿಂಡಿ ಮುಚ್ಚಿ, ಪಕ್ಕದ ಜಮೀನಿನವರನ್ನು ಕೂಗಿ ಕರೆದಿದ್ದಳು. ಕೊಡಗಳಲ್ಲಿ ನೀರು ಹಿಡಿದು ನಿಂತ ಮೇಲೆಯೇ ಬಾಗಿಲು ತೆಗೆದೆವು. ಏಳೆಂಟು ಕಡ್ಡಿ ಸೊಪ್ಪು ಹೋಯಿತು. ಬ್ಯಾರನ್ ಉಳಿಯಿತು.

ನನ್ನ ಫೋನಿಗೆ ಏನೂ ಆಗಿರಲಿಲ್ಲ. ಮೈಸೂರಿನಲ್ಲಿ ಓದುವ ಮಗಳು ರಜೆಗೆ ಬಂದಿದ್ದಳು. ಅವಳ ದಾರವಿಲ್ಲದ ಹೆಡ್‌ಫೋನನ್ನು ಹಿಂದಿನ ದಿನ ನನ್ನ ಫೋನಿಗೆ ಕೂಡಿಸಿ ಹಾಡು ಕೇಳಿಸಿದ್ದಳು. ರಾತ್ರಿ ಅದನ್ನು ಆಫ್ ಮಾಡದೆ ಒಳಕೋಣೆಯ ಬ್ಯಾಗಿನಲ್ಲಿ ಇಟ್ಟಿದ್ದಳು. ನಮ್ಮಾಕೆಯ ಮಾತೆಲ್ಲ ನನ್ನ ಕಿವಿಗೆ ಬಾರದೆ ಆ ಬ್ಯಾಗಿನೊಳಗೆ ಕೇಳುತ್ತಿತ್ತು!

ಮಾರನೇ ದಿನ ಮಗಳನ್ನು ಕೂರಿಸಿಕೊಂಡು ಈ ವಿದ್ಯೆ ಪೂರ್ತಿ ಕಲಿತೆ. ಈಗ ಹಳ್ಳಿ ಹಳ್ಳಿಯಲ್ಲೂ ಹುಡುಗರ ಕತ್ತಿನಲ್ಲಿ ಈ ಸಾಮಾನು ನೇತಾಡುತ್ತದೆ. ಹಾಗಾಗಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಏನಿದು ನೀಲಿ ಹಲ್ಲು?

ಫೋನಿಗೂ ಹೆಡ್‌ಫೋನಿಗೂ ನಡುವೆ ದಾರದ ಬದಲು ಓಡಾಡುವುದು ರೇಡಿಯೋ ಅಲೆ. ಆ ವ್ಯವಸ್ಥೆಯ ಹೆಸರು ಬ್ಲೂಟೂತ್. "ಎಲೆ ಅಡಿಕೆ ಹಾಕುದ್ರೆ ಕೆಂಪು ಹಲ್ಲು, ಇದ್ಯಾವುದ್ಲಾ ಮಗ ನೀಲಿ ಹಲ್ಲು?" ಅಂತ ನಮ್ಮವ್ವ ಕೇಳಿತು. ಹತ್ತನೇ ಶತಮಾನದಲ್ಲಿ ಡೆನ್ಮಾರ್ಕ್ ದೇಶದಲ್ಲಿ ಹೆರಾಲ್ಡ್ ಎಂಬ ರಾಜನಿದ್ದ. ಬ್ಲೂಟೂತ್ ಎಂಬುದು ಅವನ ಅಡ್ಡಹೆಸರು. ಹರಿದು ಹಂಚಿದ್ದ ಜನರನ್ನು ಒಂದುಗೂಡಿಸಿದವನೆಂಬ ಖ್ಯಾತಿ ಅವನದು. ಬೇರೆ ಬೇರೆ ಕಂಪೆನಿಯ ಸಾಧನಗಳನ್ನು ಒಂದುಗೂಡಿಸುವ ಈ ವ್ಯವಸ್ಥೆಗೆ 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರ್ ಆ ಹೆಸರು ಸೂಚಿಸಿದರು. 1998ರಲ್ಲಿ ಎರಿಕ್‌ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ ಕೂಟ ಕಟ್ಟಿದವು. ಆದ್ದರಿಂದಲೇ ಒಂದು ಕಂಪೆನಿಯ ಫೋನಿಗೆ ಇನ್ನೊಂದರ ಹೆಡ್‌ಫೋನ್ ಒಗ್ಗುತ್ತದೆ.

ಇದರ ಅಲೆ 2.4 ಗಿಗಾಹರ್ಟ್ಸ್‌ನದು. ವೈಫೈ ಓಡಾಡುವುದೂ ಇದೇ ದಾರಿಯಲ್ಲಿ. ಡಿಕ್ಕಿ ಆಗದಿರಲೆಂದು ಬ್ಲೂಟೂತ್ 79 ಕಿರುದಾರಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಾ ಹೋಗುತ್ತದೆ. ಹೇಗೆ ಜಿಗಿಯಬೇಕೆಂಬ ಗುಟ್ಟು ಕೂಡಿಕೊಂಡ ಆ ಎರಡು ಸಾಧನಗಳಿಗಷ್ಟೇ ಗೊತ್ತು. ಸಾಮಾನ್ಯವಾಗಿ ಹತ್ತು ಮೀಟರ್, ಅಂದರೆ ಮೂವತ್ತು ಅಡಿ ಇದರ ಸರಹದ್ದು. ನೀರು ಈ ಅಲೆಯನ್ನು ಹೀರುತ್ತದೆ. ನಮ್ಮ ಮೈ ಬಹುಪಾಲು ನೀರೇ ತಾನೆ? ಫೋನು ಹಿಂದಿನ ಜೇಬಿನಲ್ಲಿದ್ದರೆ ಹಾಡು ಕಡಿದು ಕಡಿದು ಬರುವುದು ಅದಕ್ಕೇ. ಅಂಗಿಯ ಮುಂದಿನ ಜೇಬಿಗೆ ಹಾಕಿ ನೋಡಿ, ಸರಿಹೋಗುತ್ತದೆ. ದಪ್ಪ ಮಣ್ಣಿನ ಗೋಡೆ, ತಗಡು ಅಡ್ಡ ಬಂದರೂ ಹೀಗೇ ಆಗುತ್ತದೆ.

ಯಾವುದನ್ನು ಕೊಳ್ಳುವುದು?

ಮೂರು ಬಗೆ ಇವೆ. ಕಿವಿಯೊಳಗೆ ಸಿಕ್ಕಿಸುವ ಬಿಡಿ ಗುಂಡಿಗಳು ಒಂದು, ಕತ್ತಿಗೆ ಹಾಕುವ ಪಟ್ಟಿ ಇನ್ನೊಂದು, ಕಿವಿ ಮುಚ್ಚುವ ದೊಡ್ಡವು ಮೂರನೆಯದು. ಹೊಲ ಗದ್ದೆಗೆ ಕತ್ತಿನ ಪಟ್ಟಿಯೇ ವಾಸಿ ಎಂಬುದು ನನ್ನ ಅನುಭವ. ಬಿಡಿ ಗುಂಡಿ ಕೆಸರಿಗೆ ಬಿದ್ದರೆ ಸಿಕ್ಕುವುದಿಲ್ಲ. ಕೆ.ಆರ್. ನಗರದ ನೆಂಟರೊಬ್ಬರು ನಾಟಿ ಗದ್ದೆಯಲ್ಲಿ ಒಂದು ಗುಂಡಿ ಕಳೆದುಕೊಂಡು, ಉಳಿದ ಒಂದನ್ನೇ ಇಟ್ಟುಕೊಂಡಿದ್ದಾರೆ. ದೊಡ್ಡವು ನಮ್ಮ ಬಿಸಿಲಿಗೆ ಬೆವರು ಹಿಡಿಸುತ್ತವೆ. ಅವು ಮನೆಯೊಳಗೆ ಪಾಠ ಕೇಳುವ ಮಕ್ಕಳಿಗೆ ಸರಿ.

ಫೋನಿಗೆ ಕೂಡಿಸುವ ಕ್ರಮ

ಇದರಲ್ಲಿ ಎರಡು ಹೆಜ್ಜೆಗಳಿವೆ. ಸಂಬಂಧ ಕುದುರಿಸುವುದು ಒಂದೇ ಸಲ, ಅದಕ್ಕೆ ಪೇರಿಂಗ್ ಎನ್ನುತ್ತಾರೆ. ಆಮೇಲೆ ದಿನಾ ಮಾತಾಡಿಸುವುದು, ಅದು ಕನೆಕ್ಟ್. ಈ ವ್ಯತ್ಯಾಸ ತಿಳಿದರೆ ಅರ್ಧ ತೊಡಕು ಕಳೆದಂತೆ.

1. ಹೆಡ್‌ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ.

2. ಪವರ್ ಗುಂಡಿಯನ್ನು ಒತ್ತಿಯೇ ಹಿಡಿಯಿರಿ. ಆನ್ ಆದ ಕೂಡಲೇ ಬೆರಳು ತೆಗೆಯಬಾರದು, ಹೆಚ್ಚಿನವರು ತಪ್ಪುವುದು ಇಲ್ಲೇ. ಐದಾರು ಸೆಕೆಂಡು ಹಿಡಿದರೆ ದೀಪ ಬೇಗ ಬೇಗ ಮಿಣುಕುತ್ತದೆ, ಇಲ್ಲವೇ "ಪೇರಿಂಗ್" ಎಂದು ದನಿ ಬರುತ್ತದೆ. ಹೆಣ್ಣು ನೋಡಲು ಬನ್ನಿ ಎಂದು ಕರೆದ ಹಾಗೆ! ಬಿಡಿ ಗುಂಡಿಯವಾದರೆ ಡಬ್ಬಿ ಮುಚ್ಚಳ ತೆರೆಯಬೇಕು. ಕೆಲವಕ್ಕೆ ಡಬ್ಬಿಯ ಮೇಲಿನ ಗುಂಡಿಯನ್ನೂ ಒತ್ತಿ ಹಿಡಿಯಬೇಕು.

3. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಬ್ಲೂಟೂತ್ ಆನ್ ಮಾಡಿ. ಕೆಲವು ಫೋನುಗಳಲ್ಲಿ ಇದು "ಕನೆಕ್ಟೆಡ್ ಡಿವೈಸಸ್" ಒಳಗಿರುತ್ತದೆ. ಅಲ್ಲಿ "ಪೇರ್ ನ್ಯೂ ಡಿವೈಸ್" ಒತ್ತಿ.

4. ಹೆಸರುಗಳ ಪಟ್ಟಿ ಬರುತ್ತದೆ. ನಿಮ್ಮ ಹೆಡ್‌ಫೋನಿನ ಹೆಸರು ಅದರ ಪೆಟ್ಟಿಗೆ ಮೇಲೆ ಇರುತ್ತದೆ, ಅದನ್ನೇ ಒತ್ತಿ. ಹಳೆಯವು ಗುಪ್ತಸಂಖ್ಯೆ ಕೇಳಿದರೆ ನಾಲ್ಕು ಸೊನ್ನೆ, 0000 ಹಾಕಿ ನೋಡಿ.

5. ನಿಮ್ಮ ಫೋನ್ ನಂಬರುಗಳ ಪಟ್ಟಿ ನೋಡಲು ಅನುಮತಿ ಕೊಡಲೇ ಎಂದು ಕೇಳಬಹುದು. ಹಾಡು ಕೇಳಲು, ಮಾತಾಡಲು ಅದು ಬೇಕಿಲ್ಲ. ಕೊಡದಿದ್ದರೂ ನಡೆಯುತ್ತದೆ.

ಇಷ್ಟೇ. ಬ್ಲೂಟೂತ್ ಇರುವ ಗುಂಡಿ ಫೋನುಗಳಲ್ಲೂ ಮೆನು ಒಳಗೆ ಹೋಗಿ ಹೀಗೇ ಹುಡುಕಿಸಬಹುದು. ಮುಂದಿನ ಸಲ ಹೆಡ್‌ಫೋನ್ ಆನ್ ಮಾಡಿದರೆ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ನನ್ನ ಎಡವಟ್ಟಿಗೆ ಕಾರಣ ಈ "ತಾನಾಗಿ" ಎಂಬುದೇ!

ಕಂಪ್ಯೂಟರಿಗೆ

ಮಕ್ಕಳ ಪಾಠಕ್ಕೆ, ಸಂಘದ ಲೆಕ್ಕ ಬರೆಯುವವರಿಗೆ ಇದು ಬೇಕಾಗುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬ್ಲೂಟೂತ್ ಇರುತ್ತದೆ. ಹಳೆ ಮೇಜಿನ ಕಂಪ್ಯೂಟರಿನಲ್ಲಿ ಇರದಿದ್ದರೆ ಪೆನ್‌ಡ್ರೈವ್ ಸಿಕ್ಕಿಸುವ ಜಾಗಕ್ಕೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಡಾಂಗಲ್ ಕೊಳ್ಳಬೇಕು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಆಂಡ್ ಡಿವೈಸಸ್, ಆಡ್ ಡಿವೈಸ್, ಬ್ಲೂಟೂತ್, ಈ ಕ್ರಮದಲ್ಲಿ ಒತ್ತುತ್ತಾ ಹೋಗಿ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್ ಒಳಗೆ "ಡಿವೈಸಸ್" ಎಂದಿರುತ್ತದೆ. ಹೆಡ್‌ಫೋನನ್ನು ಮೊದಲೇ ಮಿಣುಕುವ ಸ್ಥಿತಿಗೆ ತಂದಿರಬೇಕು.

"ಕನೆಕ್ಟೆಡ್ ಅಂತ ಬರುತ್ತೆ, ಸದ್ದು ಮಾತ್ರ ಬರಲ್ಲ" ಅನ್ನುವವರು ಪರದೆಯ ಕೆಳಗೆ ಬಲಮೂಲೆಯಲ್ಲಿರುವ ಸ್ಪೀಕರ್ ಚಿತ್ರ ಒತ್ತಿ, ಸದ್ದು ಎಲ್ಲಿಗೆ ಹೋಗಬೇಕೆಂಬಲ್ಲಿ ಹೆಡ್‌ಫೋನಿನ ಹೆಸರು ಆರಿಸಬೇಕು. ಮೀಟಿಂಗಿನಲ್ಲಿ ಮಾತಾಡತೊಡಗಿದ ಕೂಡಲೇ ಸದ್ದು ಡಬ್ಬದೊಳಗಿಂದ ಬಂದಂತಾದರೆ ಹೆಡ್‌ಫೋನ್ ಕೆಟ್ಟಿತೆಂದು ಎಸೆಯಬೇಡಿ. ಕೇಳುವ ದನಿ, ಮೈಕಿನ ದನಿ ಎರಡನ್ನೂ ಒಟ್ಟಿಗೆ ಸಾಗಿಸಬೇಕಾದಾಗ ಬ್ಲೂಟೂತ್ ಗುಣಮಟ್ಟ ಇಳಿಸಿಕೊಳ್ಳುತ್ತದೆ. ಮೈಕನ್ನು ಮಾತ್ರ ಲ್ಯಾಪ್‌ಟಾಪಿನದ್ದಕ್ಕೆ ಬದಲಿಸಿದರೆ ಸರಿಯಾಗುತ್ತದೆ.

ಕೂಡದಿದ್ದರೆ?

ಒಂದು: ಹೆಡ್‌ಫೋನ್ ಮೊದಲು ಕೂಡಿದ್ದ ಇನ್ನೊಂದು ಫೋನು ಹತ್ತಿರದಲ್ಲೇ ಇದ್ದರೆ ತವರಿಗೆ ಓಡಿದಂತೆ ಅದಕ್ಕೇ ಹೋಗುತ್ತದೆ. ಆ ಫೋನಿನ ಬ್ಲೂಟೂತ್ ಆಫ್ ಮಾಡಿ.

ಎರಡು: ಪಟ್ಟಿಯಲ್ಲಿ ಹೆಸರಿದ್ದೂ ಹತ್ತದಿದ್ದರೆ, ಹೆಸರಿನ ಮುಂದಿನ ಗುರುತು ಒತ್ತಿ "ಫರ್ಗೆಟ್" ಅಥವಾ "ಅನ್‌ಪೇರ್" ಕೊಡಿ. ಹಳೇ ಸಂಬಂಧ ಅಳಿಸಿ ಹೊಸದಾಗಿ ಕುದುರಿಸಿ.

ಮೂರು: ಎರಡನ್ನೂ ಆಫ್ ಮಾಡಿ ಆನ್ ಮಾಡಿ. ನಗಬೇಡಿ, ಎಷ್ಟೋ ಸಲ ಸರಿಹೋಗುವುದು ಇದರಿಂದಲೇ!

ಬಿಡಿಸುವುದು

ಕೆಲಸ ಮುಗಿದ ಮೇಲೆ ಹೆಡ್‌ಫೋನನ್ನು ಆಫ್ ಮಾಡಿ, ಬಿಡಿ ಗುಂಡಿಗಳನ್ನು ಡಬ್ಬಿಗೆ ಹಾಕಿ ಮುಚ್ಚಿ. ಫೋನಿನ ಬ್ಲೂಟೂತನ್ನೂ ಆಫ್ ಮಾಡಿ. ಕರೆ ಎತ್ತಿದಾಗ ದನಿ ಕೇಳದಿದ್ದರೆ ಗಾಬರಿ ಬೇಡ. ಪರದೆಯಲ್ಲಿ ಬ್ಲೂಟೂತ್ ಅಥವಾ ಸ್ಪೀಕರ್ ಗುರುತು ಇರುತ್ತದೆ. ಅದನ್ನು ಒತ್ತಿ "ಫೋನ್" ಅಥವಾ "ಸ್ಪೀಕರ್" ಆರಿಸಿದರೆ ದನಿ ಮರಳುತ್ತದೆ. ಅಂದು ಇದೊಂದು ನನಗೆ ಗೊತ್ತಿದ್ದರೆ ನಮ್ಮಾಕೆ ಅಷ್ಟು ಒದ್ದಾಡಬೇಕಿರಲಿಲ್ಲ.

ಇನ್ನೊಂದು ಮಾತು. ಬಸ್‌ಸ್ಟ್ಯಾಂಡಿನಲ್ಲೋ ಹರಾಜು ಮಾರುಕಟ್ಟೆಯಲ್ಲೋ ನಿಂತಾಗ ಗುರುತಿಲ್ಲದ ಹೆಸರಿನಿಂದ "ಪೇರ್ ಮಾಡಲೇ?" ಎಂದು ಬಂದರೆ ಬೇಡ ಎನ್ನಿ.

ರೇಡಿಯೋ ಕೇಳುವವರಿಗೆ

ಇದು ನಮ್ಮ ಮೈಸೂರು ಸೀಮೆಯವರಿಗೆ ಮುಖ್ಯ. "ಆಕಾಶವಾಣಿ" ಎಂಬ ಹೆಸರಿನೊಂದಿಗೆ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ರೇಡಿಯೋ ಶುರುಮಾಡಿದ ಊರು ಮೈಸೂರು. ಬ್ಯಾರನ್ ಕಾಯುವವರಿಗೆ ರೇಡಿಯೋ ಹಳೇ ಜೊತೆಗಾರ. ಎಚ್.ಡಿ. ಕೋಟೆ ಕಡೆಯವರಿಗೆ ಸರಗೂರಿನ ಜನಧ್ವನಿ ಸಮುದಾಯ ರೇಡಿಯೋ ಕೂಡ ಗೊತ್ತು.

ಹೆಚ್ಚಿನ ಫೋನುಗಳಲ್ಲಿ ಎಫ್‌ಎಂ ಕೇಳಲು ದಾರದ ಹೆಡ್‌ಫೋನೇ ಬೇಕು. ಅದರ ದಾರವೇ ಫೋನಿಗೆ ಏರಿಯಲ್! ಅಂಥ ಫೋನಿಗೆ ದಾರವಿಲ್ಲದ್ದನ್ನಷ್ಟೇ ಕೂಡಿಸಿದರೆ ಎಫ್‌ಎಂ ಹಿಡಿಯುವುದಿಲ್ಲ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಕೇಳಬಹುದು, ಅದಕ್ಕೆ ಇಂಟರ್‌ನೆಟ್ ಬೇಕು. ಕಾಡಂಚಿನ, ನೆಟ್ ಸಿಗದ ಊರಿನವರಿಗೆ ನನ್ನ ಸಲಹೆ: ಹಳೇ ದಾರದ್ದನ್ನು ಎಸೆಯಬೇಡಿ.

ಸೌದೆ ಎತ್ತುತ್ತಾ, ಸೊಪ್ಪು ಕಟ್ಟುತ್ತಾ ಫೋನಿನಲ್ಲಿ ಮಾತಾಡಲು ಮಾತ್ರ ದಾರವಿಲ್ಲದ್ದೇ ಅನುಕೂಲ. ಕಿಸಾನ್ ಕಾಲ್ ಸೆಂಟರಿಗೆ (1800-180-1551, ಬೆಳಿಗ್ಗೆ 6ರಿಂದ ರಾತ್ರಿ 10) ಕರೆ ಮಾಡಿ, ರೋಗ ಬಿದ್ದ ಗಿಡವನ್ನು ಎರಡು ಕೈಯಲ್ಲೂ ಹಿಡಿದು ನೋಡುತ್ತಲೇ ಕನ್ನಡದಲ್ಲಿ ವಿವರಿಸಿದ್ದೇನೆ. ಇದನ್ನು ಕಂಡ ನಮ್ಮವ್ವ, "ಒಬ್ಬೊಬ್ನೇ ಮಾತಾಡ್ತಾನೆ, ಗಾಳಿ ಗೀಳಿ ಮೆಟ್ಕತೋ ಏನೋ" ಅಂತ ನಮ್ಮಾಕೆ ಹತ್ತಿರ ಹೇಳಿತಂತೆ!

ಎಲ್ಲಿ ಬೇಡವೇ ಬೇಡ?

ನಾಗರಹೊಳೆ ಅಂಚಿನ ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕಿನ ಹಳ್ಳಿಯವರು ರಾತ್ರಿ ಕಾವಲಿಗೆ ಹೋಗುವಾಗ ಕಿವಿಗೆ ಏನನ್ನೂ ಹಾಕಬೇಡಿ. ಕತ್ತಲಲ್ಲಿ ಆನೆ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗುತ್ತದೆ. ಕೊಂಬೆ ಮುರಿದ ಸದ್ದು, ನಾಯಿ ಬೊಗಳುವ ಬಗೆ, ಇವೇ ನಮ್ಮ ಮುನ್ಸೂಚನೆ. ಎರಡೂ ಕಿವಿ ಮುಚ್ಚಿ ಹಾಡು ಕೇಳುವವನಿಗೆ ಅದು ಸಿಗದು. ಬೈಕಿನ ಮೇಲೆ, ಟ್ರ್ಯಾಕ್ಟರ್ ಓಡಿಸುವಾಗಲೂ ಬೇಡ.

ಕಳೆ ಕತ್ತರಿಸುವ ಯಂತ್ರದ ಸದ್ದು ಅಡಗಲೆಂದು ಹಾಡಿನ ಸದ್ದು ಏರಿಸುವ ಹುಡುಗರಿದ್ದಾರೆ. ಇದರಿಂದ ಕಿವಿಗೆ ರಕ್ಷಣೆ ಇಲ್ಲ, ಎರಡು ಪೆಟ್ಟು ಅಷ್ಟೆ. ಆ ಕೆಲಸಕ್ಕೆ ಕಿವಿಮುಚ್ಚುಗವೇ ಬೇರೆ ಸಿಗುತ್ತದೆ. ದೊಡ್ಡವರು ಕೇಳುವುದಾದರೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಮೀರಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡೆಸಿಬಲ್ ಅಳೆಯಲು ನಮ್ಮಲ್ಲಿ ಏನಿದೆ? ನನ್ನ ಲೆಕ್ಕ ಸುಲಭ: ಒಂದು ಮಾರು ದೂರದವರು ಕೂಗದೆ ಮಾತಾಡಿದ್ದು ಕೇಳಬೇಕು. ಕೇಳದಿದ್ದರೆ ಸದ್ದು ಹೆಚ್ಚಾಯಿತು.

ಕಡೆಯದಾಗಿ, ಇದರೊಳಗಿರುವುದು ಲಿಥಿಯಂ ಬ್ಯಾಟರಿ. ಬ್ಯಾರನ್ನಿನ ಒಲೆ ಬಾಯಿ ಹತ್ತಿರ, ಬಿಸಿಲಿನಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ ಇಡಬೇಡಿ. ಕೆಟ್ಟದ್ದನ್ನು ಕಸದ ಜೊತೆ ಬೆಂಕಿಗೆ ಹಾಕಲೇಬೇಡಿ, ಸಿಡಿಯುತ್ತದೆ.

ಈಗ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು. ಬ್ಯಾರನ್ ಉರಿಯುವ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರ ಫೋನಿನ ಬ್ಲೂಟೂತ್ ಆಫ್. ಒಲೆ ಕಾಯುವವರು ಬೇಕಿದ್ದರೆ ಒಂದೇ ಕಿವಿಗೆ ಹಾಕಿಕೊಳ್ಳಬಹುದು, ಇನ್ನೊಂದು ಕಿವಿ ಬ್ಯಾರನ್ನಿನದು. ನಮ್ಮಾಕೆ ಮಾತ್ರ ಇವತ್ತಿಗೂ ಫೋನ್ ಮಾಡಿದ ಕೂಡಲೇ ಕೇಳುವುದು, "ಕೇಳುಸ್ತಾ ಐತಾ, ಇಲ್ಲಾ ಬ್ಯಾಗಿಗೆ ಹೇಳ್ಬೇಕಾ?"

ನಿಮ್ಮ ಮನೆಯಲ್ಲೂ ಇಂಥ ಫಜೀತಿ ಆಗಿದ್ದರೆ, ಇದಕ್ಕಿಂತ ಸುಲಭದ ಉಪಾಯ ಕಂಡಿದ್ದರೆ ಪತ್ರಿಕೆಗೆ ಬರೆಯಿರಿ. ಇನ್ನೊಬ್ಬರ ಒಂದು ರಾತ್ರಿಯಾದರೂ ನೆಮ್ಮದಿಯಿಂದ ಕಳೆದೀತು.