ಬ್ಯಾಟರಿ ಬದಲಿಸುವ ಮುನ್ನ ಅರ್ತ್ ನೋಡಿ

ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಈ ಕತೆ ಹೊಸದಲ್ಲ. ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಟಕ್’ ಎಂದು ಸುಮ್ಮನಾಗುತ್ತದೆ. ಹೊಸ ಬ್ಯಾಟರಿ ಬರುತ್ತದೆ. ಕೆಲವು ದಿನ ಸರಿ, ಮತ್ತೆ ಅದೇ ‘ಟಕ್’. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿಸುತ್ತಾರೆ. ದುಡ್ಡು ಹೋಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ.

ಈ ಕಾರುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ಜಾತ್ರೆಯೂ ಇಲ್ಲ. ಬಿಡಿಭಾಗ ಕೆಡುವುದಕ್ಕಿಂತ ಹೆಚ್ಚಾಗಿ ಕೆಡುವುದು ಜೋಡಣೆ: ತುಕ್ಕು ಹಿಡಿದ ನಟ್ಟು, ಹಸಿರುಗಟ್ಟಿದ ತಾಮ್ರ, ಸಡಿಲಾದ ಲಗ್. ಒಂದು ಡಿಜಿಟಲ್ ಮಲ್ಟಿಮೀಟರ್, 12 ವೋಲ್ಟಿನ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್, ಸ್ಯಾಂಡ್ ಪೇಪರ್, ಸ್ಪಾನರ್ ಇದ್ದರೆ ಮುಕ್ಕಾಲು ಪಾಲು ತೊಂದರೆಯನ್ನು ಮನೆಯಂಗಳದಲ್ಲೇ ಹುಡುಕಬಹುದು. ಕೈಯಲ್ಲಿರುವ ಉಂಗುರ, ವಾಚು ಮೊದಲು ಬಿಚ್ಚಿಡಿ.

ಮೊದಲು ಬ್ಯಾಟರಿ

ಕಾರು ರಾತ್ರಿಯಿಡೀ ನಿಂತ ಮೇಲೆ ಅಳೆಯಿರಿ. 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ, 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆಯಿರಿ, ಆ ನೀರು ಸೆಲ್ ಒಳಗೆ ಹೋಗದಿರಲಿ. ಒರೆಸಿ, ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಟರ್ಮಿನಲ್ ಬಿಚ್ಚುವಾಗ ಬಾಡಿಗೆ ಹೋಗುವ ಕಡೆಯದನ್ನೇ, ಅಂದರೆ ಅರ್ತ್ ಅನ್ನೇ, ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬಾಡಿಗೆ ಹೋಗುವುದು ಪಾಸಿಟಿವ್. ಅಭ್ಯಾಸಬಲದಿಂದ ಅದಲುಬದಲು ಮಾಡಿ ರೇಡಿಯೊ ಸುಟ್ಟುಕೊಂಡವರಿದ್ದಾರೆ.

ಅಸಲಿ ಕಳ್ಳ ಇಲ್ಲಿದ್ದಾನೆ

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಹಾಗಾಗಿ ಸೆಲ್ಫ್ ಮೋಟಾರ್ ಎಳೆಯುವ ನೂರಾರು ಆಂಪಿಯರ್ ಕರೆಂಟು ಬ್ಯಾಟರಿಗೆ ವಾಪಸ್ಸಾಗಲು ಎಂಜಿನ್ನಿನಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಗ್ರೀಸು, ಕೆಸರಿನಲ್ಲಿ ಮುಚ್ಚಿಹೋಗಿರುವ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಡಿಗೆ ಹೊಸ ಪೇಂಟ್ ಹೊಡೆಸಿದ ಮೇಲೆ ಎಲೆಕ್ಟ್ರಿಕಲ್ ಕಾಟ ಶುರುವಾಗುವುದೂ ಇದೇ ಕಾರಣಕ್ಕೆ: ಪಟ್ಟಿಯನ್ನು ಪೇಂಟಿನ ಮೇಲೆಯೇ ಬಿಗಿದಿರುತ್ತಾರೆ.

ಪರೀಕ್ಷೆ ಹೀಗೆ. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್‌ನ ಸಣ್ಣ ವೈರು ಬಿಚ್ಚಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಮೀಟರನ್ನು ಡಿ.ಸಿ. ವೋಲ್ಟಿಗೆ ತಿರುಗಿಸಿ. ಒಂದು ಮುಳ್ಳು ಬ್ಯಾಟರಿಯ ಅರ್ತ್ ಕಡೆಯ ಸೀಸದ ಕಂಬದ ಮೇಲೆ, ಕ್ಲಾಂಪ್ ಮೇಲಲ್ಲ. ಇನ್ನೊಂದು ಎಂಜಿನ್ನಿನ ಬರಿಯ ಲೋಹದ ಮೇಲೆ. ಯಾರಾದರೂ ಒಳಗೆ ಕೂತು ಸೆಲ್ಫ್ ಹೊಡೆಯಲಿ. 0.2, 0.3 ವೋಲ್ಟ್ ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ದಾರಿ ಕೆಟ್ಟಿದೆ. ಈಗ ಎರಡನೇ ಮುಳ್ಳನ್ನು ಬಾಡಿಗೆ ತಾಗಿಸಿ ಅದನ್ನೇ ಮತ್ತೆ ಮಾಡಿ. ಇಲ್ಲಿ ಅಂಕಿ ಇಳಿದರೆ ದೋಷ ಎಂಜಿನ್ ಪಟ್ಟಿಯದು, ಇಳಿಯದಿದ್ದರೆ ಬ್ಯಾಟರಿ ಕೇಬಲ್ಲಿನದು. ಬ್ಯಾಟರಿಯ ಇನ್ನೊಂದು ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಟರ್ಮಿನಲ್‌ವರೆಗೂ ಹೀಗೇ ನೋಡಿ. ಎರಡೂ ಕಡೆ ಸರಿಯಿದ್ದು, ಸೆಲ್ಫ್ ಹೊಡೆದಾಗ ಬ್ಯಾಟರಿ ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿ ಅಥವಾ ಸೆಲ್ಫ್ ಮೋಟಾರಿನ ಮೇಲೆ ಅನುಮಾನಪಡಿ.

ಮೀಟರ್ ಇಲ್ಲದೆಯೂ ಗೊತ್ತಾಗುವ ಲಕ್ಷಣಗಳುಂಟು. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ, ಹೊಗೆ ಬಂದರೆ, ಕರೆಂಟು ಆ ಕೇಬಲ್ ಹಿಡಿದು ವಾಪಸ್ಸಾಗುತ್ತಿದೆ ಎಂದರ್ಥ. ಬ್ರೇಕ್ ಒತ್ತಿದಾಗ ಹಿಂದಿನ ಇಂಡಿಕೇಟರ್ ಮಂಕಾಗಿ ಹೊತ್ತಿಕೊಂಡರೆ ಆ ಲೈಟಿನ ಅರ್ತ್ ಹೋಗಿದೆ.

ಚಾರ್ಜಿಂಗ್

ಮೊದಲು ಫ್ಯಾನ್ ಬೆಲ್ಟ್ ಸಡಿಲವಿದೆಯೇ ನೋಡಿ. ಎಂಜಿನ್ನಿಗೆ ಸ್ವಲ್ಪ ರೇಸ್ ಕೊಟ್ಟಾಗ ಆಲ್ಟರ್ನೇಟರ್ ಇದ್ದ ಕಾರಿನ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. ಡೈನಮೊ ಇದ್ದರೆ ಐಡ್ಲಿಂಗ್‌ನಲ್ಲಿ ಕೆಂಪು ದೀಪ ಮಿನುಗುವುದು ಸಹಜ, ಅದಕ್ಕೆ ರಿಪೇರಿ ಬೇಕಿಲ್ಲ. ಗಾಡಿ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ‘ಚಾರ್ಜ್ ಆಗುತ್ತಿದೆಯಾ’ ಎಂದು ನೋಡುವ ಹಳೇ ಪದ್ಧತಿಯನ್ನು ದಯವಿಟ್ಟು ಬಿಡಿ. ಆಲ್ಟರ್ನೇಟರಿನ ಡಯೋಡುಗಳು ಆ ಒಂದೇ ಕ್ಷಣದಲ್ಲಿ ಸಾಯಬಹುದು.

ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ

ಎಲ್ಲ ಸ್ವಿಚ್ ಆಫ್ ಮಾಡಿ, ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಕಂಬಕ್ಕೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಉರಿದರೆ ಎಲ್ಲೋ ಸೋರಿಕೆಯಿದೆ. ಉರಿಯದಿದ್ದರೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಅದೇ ಜಾಗದಲ್ಲಿ ನೋಡಿ. ಗಡಿಯಾರವೂ ಇಲ್ಲದ ಕಾರಿನಲ್ಲಿ ಸೊನ್ನೆಗೆ ಹತ್ತಿರವಿರಬೇಕು. ಮೀಟರ್ ಹೀಗಿದ್ದಾಗ ಮರೆತೂ ಸೆಲ್ಫ್ ಹೊಡೆಯಬೇಡಿ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ, ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೋ ಆ ಲೈನು ಹಿಡಿಯಿರಿ. ಡಿಕ್ಕಿಯ ದೀಪ, ಆಮೇಲೆ ಹಾಕಿಸಿದ ಸ್ಟೀರಿಯೊ, ಇಲಿ ಕಡಿದ ವೈರು ಮಾಮೂಲಿ ಗಿರಾಕಿಗಳು.

ಫ್ಯೂಸ್ ಮತ್ತು ಹೆಡ್‌ಲೈಟ್

ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಜರಿ ಕಾಗದ ಸುತ್ತುವವರು ಕಾರಿಗೆ ಬೆಂಕಿಯನ್ನು ಆಹ್ವಾನಿಸುತ್ತಿದ್ದಾರೆ. ಇನ್ನೊಂದು ಸೂಕ್ಷ್ಮ: ಹಳೇ ಲ್ಯೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಮಟ್ಟ. ನಿರಂತರವಾಗಿ ತಡೆಯುವುದು ಸುಮಾರು 17 ಆಂಪಿಯರ್. ಅದರ ಜಾಗಕ್ಕೆ ಈಗಿನ 35 ಆಂಪಿಯರ್ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಕರಗುತ್ತದೆ.

ಹೆಡ್‌ಲೈಟ್ ಮಂಕಾದರೆ ಹೆಚ್ಚು ವ್ಯಾಟಿನ ಬಲ್ಬ್ ಹಾಕಿಸಬೇಡಿ. ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚು, ಡಿಪ್ಪರ್ ಮೂಲಕವೇ ಹಾದುಹೋಗುವುದರಿಂದ ಅವೆರಡೂ ಸುಡುತ್ತವೆ. ಫ್ಯೂಸ್ ಸಮೇತ ಎರಡು ರಿಲೇ ಹಾಕಿಸಿ. ಹಳೇ ಬಲ್ಬೇ ಬೆಳಗುತ್ತದೆ.

ಘಾಟಿಯಲ್ಲಿ ನಿಂತು, ತಣ್ಣಗಾದ ಮೇಲೆ ಹೊರಟರೆ

ನಿಂತ ತಕ್ಷಣ ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ಒರಗಿಸಿಟ್ಟು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಗಟ್ಟಿಯಾಗಿ ಹಾರಿದರೆ ದೋಷ ಪೆಟ್ರೋಲಿನ ಕಡೆಯದು. ಕಿಡಿ ಇಲ್ಲದಿದ್ದರೆ, ಕೆಂಪಗೆ ಸಣಕಲಾಗಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಅದು ಅಗ್ಗ. ಕಾಯಿಲ್ ಸರದಿ ಆಮೇಲೆ. ಅಂಬಾಸಿಡರಿನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಲಿ. ಹೊಸ ಕಂಡೆನ್ಸರ್ ಕೊಳ್ಳುವಾಗ ಎರಡು ಕೊಳ್ಳಿ, ಒಂದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿರಲಿ.

ಕೆಲವು ಕೆಲಸ ಮಾತ್ರ ಮನೆಯಂಗಳದಲ್ಲಿ ಆಗುವಂಥದ್ದಲ್ಲ. ಡೈನಮೊ ಜೊತೆಗಿನ ಕಟೌಟ್ ಹೊಂದಿಸುವ ಕೆಲಸವನ್ನು ಹಳಬರಾದ ಆಟೋ ಎಲೆಕ್ಟ್ರಿಷಿಯನ್‌ಗೇ ಬಿಡಿ. ಬಗ್ಗಿಸಿದರೆ ವೈರಿನ ಹೊದಿಕೆ ಪುಡಿಯಾಗಿ ಉದುರುತ್ತಿದ್ದರೆ ಅಲ್ಲಲ್ಲಿ ಟೇಪ್ ಸುತ್ತಿ ಪ್ರಯೋಜನವಿಲ್ಲ, ಪೂರ್ತಿ ವೈರಿಂಗ್ ಹೊಸದಾಗಿ ಎಳೆಸಬೇಕು.