ಅಲೆಗಳ ಬೆನ್ನು ಹತ್ತಿದ ರಾಜೇಶ್ವರಿ



ನಮ್ಮ ಕುರುಬರಹಳ್ಳಿಯಿಂದ ಹೊರಟು ಯಶವಂತಪುರ ದಾಟಿದರೆ ಒಂದು ದೊಡ್ಡ ಕಾಂಪೌಂಡು ಸಿಗುತ್ತದೆ. ಒಳಗೆ ತುಂಬಾ ಮರಗಳಿವೆ. ಜನ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನುತ್ತಾರೆ. ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಅದು 1909ರಲ್ಲಿ ಶುರುವಾಯಿತು. ಅಲ್ಲಿ ಓದಿ, ಅಲ್ಲೇ ಪಾಠ ಹೇಳಿದ ಒಬ್ಬ ಹೆಣ್ಣುಮಗಳ ವಿಷಯ ಇವತ್ತು ಓದೋಣ. ಅವರ ಹೆಸರು ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ.

ಅಜ್ಜಿ ತೋರಿಸಿದ ದಾರಿ

ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ. ಅವರ ಅಜ್ಜಿಯ ಹೆಸರು ಕಮಲಮ್ಮ ದಾಸಪ್ಪ. ಮೈಸೂರು ಸೀಮೆಯಲ್ಲಿ ಮೊದಮೊದಲು ಡಿಗ್ರಿ ಪಡೆದ ಹೆಂಗಸರಲ್ಲಿ ಅವರೂ ಒಬ್ಬರು. ಗಂಡ ಸತ್ತವರು, ಗಂಡ ಬಿಟ್ಟವರು ನಾಲ್ಕಕ್ಷರ ಕಲಿಯಲಿ ಎಂದು ಅಜ್ಜಿ ದುಡಿದರು. ಅಜ್ಜಿ ಹುಟ್ಟುಹಾಕಿದ ಶಾಲೆಯಲ್ಲೇ ಮೊಮ್ಮಗಳು ಅಕ್ಷರ ಕಲಿತಳು.

ರಾಜೇಶ್ವರಿಗೆ ಚರಿತ್ರೆ ಅಂದರೆ ತುಂಬಾ ಇಷ್ಟ. ಆದರೂ ಕಾಲೇಜಿನಲ್ಲಿ ಲೆಕ್ಕವನ್ನು ಆರಿಸಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂ.ಎಸ್ಸಿ. ಮುಗಿಸಿದರು. 1943ರಲ್ಲಿ ವಿಜ್ಞಾನ ಸಂಸ್ಥೆಗೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಆಗ ಅವರಿಗೆ 25 ವರ್ಷ. ಅಲ್ಲಿನ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರೇಟ್ ಪಡೆದರು.

ಡಾಕ್ಟರೇಟ್ ಅಂದರೆ ಔಷಧಿ ಕೊಡುವ ಡಾಕ್ಟರ ಓದಲ್ಲ. ಅದುವರೆಗೆ ಯಾರೂ ಹೇಳದ ಹೊಸ ವಿಷಯವನ್ನು ಹುಡುಕಬೇಕು. ಅದನ್ನು ಬರೆದು ಒಪ್ಪಿಸಬೇಕು. ತಿಳಿದವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಇದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು.

ಅಲೆ ಅಂದರೇನು?

ಒಂದು ಅಗಲವಾದ ಟಬ್ಬಿಗೆ ನೀರು ತುಂಬಿ. ನೀರು ನಿಂತ ಮೇಲೆ ಒಂದು ಎಲೆ ತೇಲಿಬಿಡಿ. ಈಗ ನಡುವೆ ಒಂದು ಸಣ್ಣ ಕಲ್ಲು ಹಾಕಿ. ಬಳೆಯ ಹಾಗೆ ದುಂಡಗೆ ಅಲೆ ಏಳುತ್ತದೆ. ಅಂಚಿನ ತನಕ ಹೋಗುತ್ತದೆ. ಆದರೆ ಎಲೆ ಹೋಗೋದಿಲ್ಲ. ಇದ್ದಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ. ಅಂದರೆ ನೀರು ಮುಂದೆ ಹೋಗಲಿಲ್ಲ, ಅಲುಗಾಟ ಮಾತ್ರ ಹೋಯಿತು. ಅದೇ ಅಲೆ.

ಇನ್ನೊಂದು ನೋಡಿ. ಅಲೆ ಅಂಚಿಗೆ ತಾಗಿ ವಾಪಸ್ ಬರುತ್ತದೆ.

ನೀರಿಲ್ಲದ ಅಲೆಗಳೂ ಇವೆ. ರೇಡಿಯೋ ಅಲೆ ಕಣ್ಣಿಗೆ ಕಾಣದು. ಬೆಳಕಿನಷ್ಟೇ ಬೇಗ ಓಡುತ್ತದೆ. ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್! ನಮ್ಮ ಹಳೇ ರೇಡಿಯೋದಲ್ಲಿ ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು, ನೆನಪಿದೆಯಾ? ಅದರ ಒಂದೊಂದು ಅಲೆ ಸುಮಾರು 490 ಮೀಟರ್ ಉದ್ದ. ಮೊಬೈಲ್ ಫೋನಿನ ಅಲೆ ಹೆಚ್ಚುಕಡಿಮೆ ಒಂದು ಗೇಣು. ಇಂಥ ಗಿಡ್ಡ ಅಲೆಗೆ ಮೈಕ್ರೋವೇವ್ ಅನ್ನುತ್ತಾರೆ. ರಾಜೇಶ್ವರಿ ಅಭ್ಯಾಸ ಮಾಡಿದ್ದು ಇದನ್ನೇ.

ಇದರಿಂದ ಏನು ಉಪಯೋಗ? ರಾಡಾರ್ ಎಂಬ ಯಂತ್ರ ಇಂಥ ಅಲೆಯನ್ನು ಬಿಡುತ್ತದೆ. ಅಲೆ ದೂರದ ವಿಮಾನಕ್ಕೆ ತಾಗಿ ವಾಪಸ್ ಬರುತ್ತದೆ, ಟಬ್ಬಿನ ಅಂಚಿಗೆ ತಾಗಿ ಬಂದ ಹಾಗೆ. ಎಷ್ಟು ಹೊತ್ತಿಗೆ ಬಂತು ಎಂದು ಲೆಕ್ಕ ಹಾಕಿದರೆ ವಿಮಾನ ಎಷ್ಟು ದೂರವಿದೆ ಎಂದು ಗೊತ್ತಾಗುತ್ತದೆ. ಅಲೆಯನ್ನು ಕಳಿಸಲು, ಹಿಡಿಯಲು ಆಂಟೆನಾ ಬೇಕು. ಆಂಟೆನಾಗಳ ಬಗ್ಗೆಯೂ ರಾಜೇಶ್ವರಿ ಸಂಶೋಧನೆ ಮಾಡಿದರು.

ಮರಳಿ ಬೆಂಗಳೂರಿಗೆ

1953ರಲ್ಲಿ ಅವರು ಬೆಂಗಳೂರಿಗೆ ಮರಳಿದರು. ವಿಜ್ಞಾನ ಸಂಸ್ಥೆಯಲ್ಲಿ ಮೇಷ್ಟರಾದರು. ಅಲ್ಲೇ ಕೆಲಸದಲ್ಲಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಪ್ರಯೋಗಶಾಲೆ ಕಟ್ಟಿದರು. ರಾಜೇಶ್ವರಿ ಅವರ ಕೈಕೆಳಗೆ 20 ಜನ ಡಾಕ್ಟರೇಟ್ ಪಡೆದರು. 1982ರಲ್ಲಿ ನಿವೃತ್ತರಾದರು. ಆಮೇಲೆ ಹೆಂಗಸರ ಏಳಿಗೆಗಾಗಿ ದುಡಿದರು. ಚಿಕ್ಕಂದಿನ ಚರಿತ್ರೆಯ ಹುಚ್ಚು ಹೋಗಿರಲಿಲ್ಲ. ತಮ್ಮ ಬದುಕಿನ ಕಥೆಯನ್ನು ಪುಸ್ತಕವಾಗಿ ಬರೆದರು. 2010ರಲ್ಲಿ ತೀರಿಕೊಂಡರು.

ನಮ್ಮ ಮನೆಯ ಮಾತು

“ಅವರ ಮನೇಲಿ ಓದಿದ ಅಜ್ಜಿ ಇದ್ದರು. ನಮ್ಮ ಮನೇಲಿ ಯಾರಿದ್ದರು?” ಎಂದು ನೀವು ಕೇಳಬಹುದು. ಆ ಮಾತು ನಿಜ. ಆದರೆ ನೀವು ಈಗ ಓದು ಕಲಿತಿದ್ದೀರಿ. ನಾಳೆ ನಿಮ್ಮ ಮೊಮ್ಮಗಳ ಮನೆಯಲ್ಲಿ ಓದಿದ ಅಜ್ಜಿ ಇರುತ್ತಾಳೆ. ಅವಳು ನೀವೇ.

“ಹುಡುಗಿ ಓದಿದ್ದು ಸಾಕು, ಮದುವೆ ಮಾಡೋಣ” ಎಂಬ ಮಾತು ಮನೆಯಲ್ಲಿ ಬಂದಾಗ ಒಬ್ಬರಾದರೂ “ತಡೀರಿ, ಅವಳು ಇನ್ನೂ ಓದಲಿ” ಅನ್ನಬೇಕು. ಆ ಒಬ್ಬರು ನಾವೇ ಯಾಕಾಗಬಾರದು?

ಮಾಡಿ ನೋಡಿ
ಟಬ್ಬಿನ ನೀರಿನಲ್ಲಿ ಎಲೆ ತೇಲಿಬಿಟ್ಟು ಕಲ್ಲು ಹಾಕಿ. ಕಂಡದ್ದನ್ನು ಎರಡು ಸಾಲು ಬರೆಯಿರಿ.

ಓದಿ, ಬರೆಯಿರಿ
ಅಲೆ, ಅಂಚು, ಅಜ್ಜಿ, ಲೆಕ್ಕ, ಚರಿತ್ರೆ, ವಿಜ್ಞಾನ, ಆಂಟೆನಾ

ಮಾತಾಡೋಣ
1. ಅಲೆ ಹೋದರೂ ಎಲೆ ಯಾಕೆ ಹೋಗಲಿಲ್ಲ?
2. ಕಮಲಮ್ಮ ದಾಸಪ್ಪ ಯಾರಿಗಾಗಿ ದುಡಿದರು?
3. ನಿಮ್ಮ ಬೀದಿಯಲ್ಲಿ ಓದು ಬಿಟ್ಟ ಹುಡುಗಿಯರು ಇದ್ದಾರಾ? ಅವರು ಮತ್ತೆ ಓದಲು ಏನು ಮಾಡಬಹುದು?